ಇನ್ನೊಂದು ಹತ್ತು ವರ್ಷದ ಗೌಡರು

‘ಗೌಡ್ರೇ, ಕಾರು ಕೊಡ್ತೀರಾ?’ ಅಂತ ಸೆಕೆಂಡ್‌ಹ್ಯಾಂಡ್ ವ್ಯಾಪಾರದವನು ಜಗಲಿ ಹತ್ತಿದರೆ ನಮ್ಮ ಗೌಡರು ಮೊದಲು ಕಾಫಿ ಕೊಡಿಸುತ್ತಾರೆ. ಅವನು ಲೋಟ ಕೆಳಗಿಟ್ಟ ಮೇಲೆ ಹೇಳುತ್ತಾರೆ: ‘ಕೊಡಾಕಿಲ್ಲ ಬುಡ್ಲಾ. ಇನ್ನೊಂದು ಹತ್ತು ವರ್ಸ ಆರಾಮಾಗಿ ಓಡ್ತದೆ.’ ಇದೇ ಮಾತನ್ನು 2009ರಲ್ಲೂ ಹೇಳಿದ್ದರು, 2019ರಲ್ಲೂ ಹೇಳಿದ್ದರು. ಎರಡು ಸಲವೂ ನಾನು ಅಲ್ಲೇ ಇದ್ದೆ. ಕಾಫಿ ನನಗೂ ಸಿಕ್ಕಿತ್ತು.

ಇವರು ಒಬ್ಬರೇ ಅಂದುಕೊಳ್ಳಬೇಡಿ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗಿ, ಹಾಗೇ ಕೆ.ಆರ್. ಪೇಟೆಗೆ ತಿರುಗಿಕೊಂಡರೆ ಊರಿಗೊಬ್ಬರು ಸಿಗುತ್ತಾರೆ. ಶ್ರೀರಂಗಪಟ್ಟಣದವರು ಎಕ್ಸ್‌ಪ್ರೆಸ್‌ವೇ ಹತ್ತುವುದಿಲ್ಲ. 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ನಿಷೇಧ; ಕಾರಿಗೆ ಇಲ್ಲ. ಆದರೂ ಇವರು ಆಟೋಗಳ ಹಿಂದೆಯೇ ಸರ್ವಿಸ್ ರಸ್ತೆಯಲ್ಲಿ ಹೋಗುತ್ತಾರೆ, ಬೇರಿಂಗ್ ಸವೆಯುತ್ತದಂತೆ. ಕೆ.ಆರ್. ಪೇಟೆಯವರು ಅದೇ ಮಾಡೆಲ್ಲಿನ ಸತ್ತ ಕಾರೊಂದನ್ನು ಬಿಡಿಭಾಗಕ್ಕೆಂದು ಕೊಂಡು ಹಿತ್ತಲಲ್ಲಿ ನಿಲ್ಲಿಸಿರುತ್ತಾರೆ. ಕೋಳಿ ಕಾವಿಗೆ ಕೂರುವುದು ಅದರ ಹಿಂದಿನ ಸೀಟಿನಲ್ಲೇ. ನಾಗಮಂಗಲದವರ ಹೆಮ್ಮೆಯೆಲ್ಲ ನಂಬರ್ ಪ್ಲೇಟಿನದು. ಊರಲ್ಲಿ ಹೊಸ ಕಾರಿಗೆಲ್ಲ ಕೆಎ 54, ಇವರದು ಮಾತ್ರ ಹಳೇ ಮಂಡ್ಯದ ಕೆಎ 11. ಈ ಮೂವರನ್ನೂ ಕಲಸಿ ಒಂದೇ ಮುದ್ದೆ ಕಟ್ಟಿದರೆ ನಮ್ಮ ಪಾಂಡವಪುರದ ಕಡೆಯ ಗೌಡರು.

ಕಾರು 1999ರ ಮಾರುತಿ 800, ಬಿಳಿ. ಕಾರ್ಬ್ಯುರೇಟರ್ ಇರುವುದು. ‘ಕಂಪ್ಯೂಟ್ರು ಇಲ್ಲ ಇದ್ರಲ್ಲಿ, ಹಂಗಾಗಿ ಬುದ್ಧಿ ಐತೆ’ ಅನ್ನುತ್ತಾರೆ. ಸೀಟಿನ ಮೇಲಿನ ಕಂಪನಿಯ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಬೇಸಿಗೆಯಲ್ಲಿ ಕೂತು ಎದ್ದರೆ ಪಂಚೆ ಅರ್ಧ ಅಲ್ಲೇ ಉಳಿಯುತ್ತದೆ. ಮೀಟರು ತೋರಿಸುವುದು 61,000 ಕಿಲೋಮೀಟರ್. ಇಪ್ಪತ್ತಾರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಇನ್ನೂರೂ ಇಲ್ಲ. 2014ರ ಜನವರಿಯಲ್ಲಿ ಕಂಪನಿ 800 ತಯಾರಿಸುವುದನ್ನೇ ನಿಲ್ಲಿಸಿತು. ಹದಿನೈದು ವರ್ಷ ತುಂಬಿತೆಂದು ಗೌಡರು ಆರ್‌ಸಿ ನವೀಕರಿಸಿದ್ದೂ ಅದೇ ವರ್ಷ. ‘ಅವ್ರು ಕೈಬಿಟ್ರು, ನಾನು ಬುಡಕ್ಕಾಯ್ತದಾ?’

ಎಲ್ಲಕ್ಕೂ ಮೂಲ ಒಂದು ಪುಸ್ತಕ. ಹಾಲಿನ ಡೇರಿಯ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ. ಮುಂದಿನಿಂದ ತೆರೆದರೆ ಎಮ್ಮೆ, ಹಿಂದಿನಿಂದ ತೆರೆದರೆ ಕಾರು. ಕಾರಿನ ಕಡೆ ವರ್ಷಕ್ಕೊಂದು ಪುಟ, 2035ರವರೆಗೆ. 2026: ಟೈಮಿಂಗ್ ಬೆಲ್ಟ್, ಜೊತೆಗೆ ಆಯಿಲ್ ಸೀಲ್, ಬಿಚ್ಚಿದ ಮೇಲೆ ಎರಡಕ್ಕೂ ಕೂಲಿ ಒಂದೇ. 2027: ಕ್ಲಚ್ ಪ್ಲೇಟ್. 2028: ತಳಕ್ಕೆ ತುಕ್ಕು ಹಿಡಿಯದ ಬಣ್ಣ. 2029ರ ಪುಟದಲ್ಲಿ ಆರ್‌ಸಿ ಅಂತ ಬರೆದು ಕೆಂಪು ಶಾಯಿಯಲ್ಲಿ ಮೂರು ಗೀಟು. ಆ ಕೆಂಪಿಗೆ ಕಾರಣವಿದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ಪುಟಗಳ ಬಲಗಡೆ ಅಂಚಿನಲ್ಲಿ ದುಡ್ಡಿನ ಮೂಲ ಬರೆದಿರುತ್ತದೆ. ಎಲ್ಲ ಪುಟದಲ್ಲೂ ಒಂದೇ ಮೂಲ: ‘ಕಬ್ಬಿನ ಬಿಲ್ಲು ಬಂದರೆ.’ ಅದಕ್ಕೇ ಟೈಮಿಂಗ್ ಬೆಲ್ಟು 2023ರ ಪುಟದಲ್ಲೂ ಇತ್ತು, ಬಾಣದ ಗುರುತಿನ ಮೇಲೆ ನಡೆದುಕೊಂಡು 2026ಕ್ಕೆ ಬಂದಿದೆ.

ಮನೆಯ ಹೆಂಚಿಗೆ ಇಂಥ ಪುಸ್ತಕ ಇಲ್ಲ. ಮಳೆಗಾಲದಲ್ಲಿ ನಡುಮನೆಗೆ ಬಕೆಟ್ ಇಡುತ್ತಾರೆ. ಕಾರಿಗೆ ಶೀಟಿನ ಶೆಡ್ಡಿದೆ. ‘ನನ್ನ ಮಂಡಿಗೆ ಯಾವ ವರ್ಸ ಬರ್ದಿದೀರಿ?’ ಅಂತ ಗೌಡತಿ ಒಮ್ಮೆ ಕೇಳಿದರು. ಗೌಡರು ನಿಜಕ್ಕೂ ಪುಟ ತಿರುವಿದರು.

ಟೈರು ಕೊಳ್ಳುವ ದಿನ ಗೌಡರ ಜೊತೆ ಹೋಗಬಾರದು. ನಾನು ಹೋಗಿದ್ದೆ. ಅಂಗಡಿಯವನು ಹನ್ನೆರಡು ಇಂಚಿನ ಟೈರು ನಾಲ್ಕು ಉರುಳಿಸಿದ. ಗೌಡರು ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಟಾರ್ಚು ತೆಗೆದು ಟೈರಿನ ಪಕ್ಕೆಯ ಮೇಲೆ ಬೆರಳಾಡಿಸತೊಡಗಿದರು. ಅಲ್ಲಿ ಉದ್ದುದ್ದ ಅಕ್ಷರಗಳ ಕೊನೆಗೆ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 3120 ಅಂತಿದ್ದರೆ 2020ನೇ ಇಸವಿಯ ಮೂವತ್ತೊಂದನೇ ವಾರ ತಯಾರಾದ ಟೈರು ಅಂತ ಅರ್ಥ.

‘ಟೈರ್ ನೋಡ್ತಿದೀರೋ, ಜಾತ್ಕ ನೋಡ್ತಿದೀರೋ?’ ಅಂದ ಅಂಗಡಿಯವನು.

‘ಜಾತ್ಕಾನೇ ಕಣಪ್ಪಾ. ನಾಕರಲ್ಲಿ ಮೂರು ಕೂಡ್ತವೆ. ಇದೊಂದು ಎಲ್ಡು ವರ್ಸ ದೊಡ್ಡದು, ಆಗಾಕಿಲ್ಲ.’

ಆ ಸಂಬಂಧ ಮುರಿದುಬಿತ್ತು. ಮೂರು ಟೈರು ಹಾಕಿಸಿಕೊಂಡು, ನಾಲ್ಕನೆಯದರ ವರಾನ್ವೇಷಣೆಗೆ ಹದಿನೈದು ದಿನ ಬಿಟ್ಟು ಬಂದೆವು. ಬೆಂಗಳೂರಿನ ಜೆ.ಸಿ. ರಸ್ತೆಗೂ ಹೀಗೇ ಹೋಗುತ್ತಾರೆ, ಕೆಂಪು ಬಸ್ಸಿನಲ್ಲಿ. ಕಾರಿನ ಸಾಮಾನು ಅಷ್ಟು ಸಲ ಬೆಂಗಳೂರಿನಿಂದ ಬಂದಿದೆ, ಕಾರು ಒಮ್ಮೆಯೂ ಬೆಂಗಳೂರಿಗೆ ಹೋಗಿಲ್ಲ.

ಅಪ್‌ಗ್ರೇಡು ಅಂತಲೂ ಒಂದು ಪುಟ ಇದೆ. ಎಲ್‌ಇಡಿ ದೀಪ, ಬ್ಲೂಟೂತ್ ಸ್ಟೀರಿಯೋ, ಹೊಸ ಹಾರನ್ನು. ಹಾರನ್ನು ಹಾಕಿಸಿದ್ದಾರೆ. ಉಳಿದೆರಡು ಡಬ್ಬದಲ್ಲೇ ಗೌಡತಿಯ ರೇಷ್ಮೆಸೀರೆ ಪೆಟ್ಟಿಗೆಯಲ್ಲಿವೆ. ಹಾಕಿದರೆ ಹಳೆಯದಾಗುತ್ತವಲ್ಲ!

ಕಂಪನಿ ಕೊಟ್ಟ ಪುಸ್ತಕದಲ್ಲಿ ಇಲ್ಲದ ಶತ್ರುಗಳೂ ನಮ್ಮ ಕಡೆ ಇವೆ. ನಾಗಮಂಗಲದ ರಸ್ತೆಯಲ್ಲಿ ಹುರುಳಿ ಹರಡಿ ಒಕ್ಕಣೆ ಮಾಡುವ ಕಾಲಕ್ಕೆ ಬಳ್ಳಿ ಆಕ್ಸಲಿಗೆ ಸುತ್ತಿಕೊಂಡು ಬಿಸಿಗೆ ಬೆಂಕಿಯೇ ಹತ್ತಬಹುದು. ಗೌಡರು ಕಣ ದಾಟಿದ ಕೂಡಲೇ ಇಳಿದು, ಟವೆಲ್ ಹಾಸಿ ಮಲಗಿ, ಬಳ್ಳಿಯನ್ನು ಒಂದೊಂದಾಗಿ ಬಿಡಿಸುತ್ತಾರೆ. ಭತ್ತ ಕೊಯ್ದ ಮೇಲೆ ಗದ್ದೆಯ ಇಲಿಗಳು ಬಾನೆಟ್ಟಿಗೆ ಬಿಡಾರ ಬದಲಾಯಿಸುತ್ತವೆ. ಅದಕ್ಕೆ ವೈರುಗಳ ಸಂದಿಯಲ್ಲಿ ಹೊಗೆಸೊಪ್ಪಿನ ಕಟ್ಟು. ಎಂಜಿನ್ ಕಾದರೆ ಬೀಡಿ ಸೇದಿದ ವಾಸನೆ ಬರುತ್ತದೆ, ಮನೆಗೆ ಬಂದ ಬೀಗರು ಗೌಡರನ್ನೇ ಅನುಮಾನಿಸಿದ್ದುಂಟು. ಈಚೆಗೆ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯುತ್ತಿದೆ. ಎಥನಾಲಿಗೆ ಕಬ್ಬಿನ ರಸವೂ ಹೋಗುತ್ತದೆ, ಕಾಕಂಬಿಯೂ ಹೋಗುತ್ತದೆ. ಹಳೇ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳಿಗೆ ಅದು ಒಗ್ಗದು. ತಾನೇ ನೀರು ಕಟ್ಟಿ ಬೆಳೆಸಿದ ಕಬ್ಬು ತನ್ನ ಕಾರಿನ ಪೈಪು ತಿನ್ನುತ್ತದೆ ಎಂದು ಗೊತ್ತಾದ ದಿನ ಗೌಡರು ಗದ್ದೆ ಬದುವಿನ ಮೇಲೆ ನಿಂತು ಬೆಳೆಯನ್ನು ಬಹಳ ಹೊತ್ತು ನೋಡಿದರು. ‘ಉಂಡ್ಮನೆಗೆ ಎಲ್ಡು ಬಗಿಯೋದು ಅಂದ್ರೆ ಇದೇಯಾ?’ ಮಾರನೇ ದಿನ ಪೈಪು ಬದಲಾಯಿಸುವುದೆಂದು ಪುಸ್ತಕಕ್ಕೆ ಏರಿತು. ಮೂಲ: ಕಬ್ಬಿನ ಬಿಲ್ಲು.

ನಗುವವರು ನಗಲಿ, ಲೆಕ್ಕದಲ್ಲಿ ಗೌಡರು ಸೋತಿಲ್ಲ. ಅಣ್ಣನ ಮಗನ ಹೊಸ ಕಾರಿನ ಮೂರು ತಿಂಗಳ ಕಂತಿನಲ್ಲಿ ಇವರ ಇಡೀ ವರ್ಷದ ಕಾರಿನ ಖರ್ಚು ಮುಗಿಯುತ್ತದೆ. ಆದರೆ ಕಂತು ಕಟ್ಟುವ ಅವನು ಓಡಿಸುತ್ತಾನೆ, ಗೌಡರು ಒರೆಸುತ್ತಾರೆ. ಹೋದ ಆಯುಧಪೂಜೆಗೆ ನಿಂಬೆಹಣ್ಣನ್ನು ಚಕ್ರದ ಕೆಳಗಿಡಲು ಹೋದವನಿಗೆ ‘ಹುಳಿ ರಿಮ್ಮಿಗೆ ಹಾರ್ತದೆ, ದೂರ ಮಡ್ಗು’ ಅಂದರು. ಅವನು ಇಟ್ಟ. ಕಾರು ನಿಂಬೆಹಣ್ಣನ್ನು ಬಳಸಿಕೊಂಡು ಮುಂದೆ ಹೋಯಿತು.

ನಿಮ್ಮಲ್ಲೊಂದು ವಿನಂತಿ. ಪಾಂಡವಪುರ–ನಾಗಮಂಗಲ ರಸ್ತೆಯಲ್ಲಿ ಹುಣಸೇಮರದ ನೆರಳಿಗೆ ಬಿಳಿ 800 ಒಂದು ಬಾನೆಟ್ ಎತ್ತಿ ನಿಂತಿದ್ದರೆ, ಕೆಟ್ಟಿದೆ ಅಂದುಕೊಂಡು ನಿಮ್ಮ ಗಾಡಿ ನಿಲ್ಲಿಸಬೇಡಿ. ಆಯಿಲ್ ನೋಡುತ್ತಿರುತ್ತಾರೆ ಅಷ್ಟೆ. ನಿಲ್ಲಿಸಿದಿರೋ, ಪುಸ್ತಕ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ.