ಧೂಳಿಗೂ ಬೆಲೆ ಬರುವ ವ್ಯಾಪಾರ

ಹಳೇ ಸ್ಪೋರ್ಟ್ಸ್ ಕಾರಿಗೆ ಬೆಲೆ ಕಟ್ಟುವವರಿಗೆ ಮೈಲೇಜಿನ ಗೊಡವೆಯೇ ಇಲ್ಲ. ಮೊದಲು ಬಗ್ಗಿ ನೋಡುವುದು ಎಂಜಿನ್ ನಂಬರು. ಹುಟ್ಟಿದಾಗ ಇದ್ದ ಎಂಜಿನ್ನೇ ಈಗಲೂ ಇದ್ದರೆ ಗೋತ್ರ, ನಕ್ಷತ್ರ ಕೂಡಿಬಂದ ಹಾಗೆ. ಬದಲಾಗಿದ್ದರೆ, ಎಷ್ಟೇ ಚೆನ್ನಾಗಿ ಓಡಲಿ, ಬೆಲೆ ಇಳಿಯಿತೆಂದೇ ಲೆಕ್ಕ.

2015ರಲ್ಲಿ ಪ್ಯಾರಿಸ್ಸಿನ ಹರಾಜಿಗೆ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಬಂತು. ಫ್ರಾನ್ಸಿನ ಹಳ್ಳಿಗಾಡಿನ ಶೆಡ್ಡೊಂದರಲ್ಲಿ ಹಳೇ ಪತ್ರಿಕೆಗಳ ರಾಶಿಯಡಿ ದಶಕಗಳ ಕಾಲ ಮಲಗಿದ್ದ ಕಾರು. ತೊಳೆಯಲಿಲ್ಲ, ಒರೆಸಲಿಲ್ಲ, ಧೂಳಿನ ಸಮೇತ ನಿಲ್ಲಿಸಿದರು. ಹೋದದ್ದು 1.6 ಕೋಟಿ ಯೂರೊಗೂ ಮಿಗಿಲು! (ನಮ್ಮ ಮನೆಯಲ್ಲಿ ಅಷ್ಟೇ ಧೂಳಿಗೆ ಬರೀ ಬೈಗುಳ ಸಿಗುತ್ತದೆ.) ಅದು ಒಂದು ಕಾಲಕ್ಕೆ ನಟ ಅಲೈನ್ ಡೆಲಾನ್‌ನ ಕಾರು. ಸೀಟಿನಲ್ಲಿ ಕೂತವರ ಹೆಸರಿಗೂ ದುಡ್ಡು ಸ್ವಾಮಿ!

ಇನ್ನು ಅಪರೂಪ. 1962ರಿಂದ 64ರವರೆಗೆ ಬಂದ ಫೆರಾರಿ 250 ಜಿಟಿಒ ಮೂವತ್ತು ಚಿಲ್ಲರೆ ಮಾತ್ರ. ರೇಸ್ ಗೆದ್ದ ಚರಿತ್ರೆ ಬೇರೆ. 2018ರಲ್ಲಿ ಒಂದು 4.84 ಕೋಟಿ ಡಾಲರಿಗೆ ಹೋಯಿತು.

ಹಾಗಂತ ಹಿತ್ತಲಿನ ಮಾರುತಿ 800ನ್ನು ಕಾದಿಟ್ಟು ಕೂರಬೇಡಿ. ಅದರ ಒಡಹುಟ್ಟಿದವರು ಲಕ್ಷಗಟ್ಟಲೆ ಇದ್ದಾರೆ.