ಯಾಕಪ್ಪಾ ಸಿಸ್ಟರ್

ಕೆಸರೆಯಲ್ಲಿ ಯಾರ ಮನೆಪ್ರಾರ್ಥನೆಗೆ ಹೋದರೂ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಇವರದೇ. ಬಿಳಿ ಸೀರೆ, ತೊಡೆಯ ಮೇಲೆ ರಟ್ಟು ಕಿತ್ತುಬಂದ ಸತ್ಯವೇದ, ಅದರೊಳಗೆ ಗುರುತಿಗೆ ಇಟ್ಟ ಕರೆಂಟ್ ಬಿಲ್ಲು. 1906ರ ಕಾಲದ ನಮ್ಮ ಮಿಷನ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅರ್ಧ ಕೆಸರೆಯನ್ನು ಕೈಯಲ್ಲಿ ಎತ್ತಿಕೊಂಡವರು, ಹಾಗಾಗಿ ಸಿಸ್ಟರ್. ದೇವರ ಜೊತೆ ಮಾತು ಶುರುವಾಗುವುದೇ 'ಯಾಕಪ್ಪಾ' ಅಂತ. ಹಾಗಾಗಿ ಯಾಕಪ್ಪಾ ಸಿಸ್ಟರ್.

ಉಳಿದವರ ಪ್ರಾರ್ಥನೆಗೊಂದು ಕ್ರಮವಿದೆ. ಮೊದಲು ಸ್ತೋತ್ರ, ಆಮೇಲೆ ಇನ್ನಷ್ಟು ಸ್ತೋತ್ರ, ಕೊನೆಗೆ ಮೆಲ್ಲಗೆ ಮಗನ ವೀಸಾ. ಸಿಸ್ಟರದು ನೇರ ವಿಚಾರಣೆ.

"ಯಾಕಪ್ಪಾ ತಂದೆ, ಆ ಆಟೋ ಹುಡುಗನಿಗೆ ಎರಡು ಎಳೇ ಮಕ್ಕಳು. ಅವನನ್ನೇ ಕರ್ಕೋಬೇಕಿತ್ತಾ? ಮಂಡಿ ಸವೆದು ನಾನಿಲ್ಲಿ ಕಾಯ್ತಾ ಕೂತಿದ್ದೀನಿ. ಅಡ್ರೆಸ್ ತಪ್ಪಿತಾ?"

ಕಣ್ಣು ಮುಚ್ಚಿದ್ದವರೆಲ್ಲ ಒಂದೊಂದು ಕಣ್ಣು ತೆರೆಯುತ್ತಾರೆ. ಇದಕ್ಕೆ ಆಮೆನ್ ಅನ್ನಬಹುದೋ ಬಾರದೋ ಯಾರಿಗೂ ತಿಳಿಯದು.

ಆಗ ಗಂಟಲು ಸರಿಮಾಡಿಕೊಳ್ಳುವವರು ಸಭೆಯ ಹಿರಿಯರು. ದೇವರ ಪರ ವಕಾಲತ್ತು ಅವರದು, ಫೀಸಿಲ್ಲ. "ದೇವರನ್ನ ಹಾಗೆಲ್ಲ ಪ್ರಶ್ನೆ ಮಾಡಬಾರದು ಸಿಸ್ಟರ್. ಎಲ್ಲಾ ದೇವರ ಚಿತ್ತ." ಅವರ ಪ್ರಕಾರ ನಲ್ಲಿಯಲ್ಲಿ ನೀರು ಬಂದರೆ ದೇವರ ಕೃಪೆ, ಬರದಿದ್ದರೆ ದೇವರ ಚಿತ್ತ. ನೀರು ಬಿಡುವವನಿಗೆ ಪಾಪ, ಯಾವ ಪಾತ್ರವೂ ಇಲ್ಲ.

"ಯೋಬನ ಪುಸ್ತಕ ಓದಿದ್ದೀರಾ ಬ್ರದರ್? 42 ಅಧ್ಯಾಯಾನೂ?"

ಹಿರಿಯರು ಚಾವಣಿ ನೋಡುತ್ತಾರೆ. ಆರಂಭದ ತಾಳ್ಮೆ, ಕೊನೆಗೆ ಆಸ್ತಿ ಎರಡರಷ್ಟಾದದ್ದು: ನಮ್ಮಲ್ಲಿ ಬಹುಪಾಲು ಜನಕ್ಕೆ ಗೊತ್ತಿರುವ ಯೋಬ ಇಷ್ಟೇ. ನಡುವೆ ಆತ ಹುಟ್ಟಿದ ದಿನವನ್ನೇ ಶಪಿಸಿ, ದೇವರನ್ನೇ ನ್ಯಾಯಕ್ಕೆ ಕರೆದದ್ದನ್ನು ದಾಟಿಬಿಡುತ್ತೇವೆ.

"ಸಮಾಧಾನ ಹೇಳೋಕೆ ಬಂದ ಮೂರು ಜನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಕೂತಿದ್ರು. ಅಲ್ಲೀತನಕ ಚೆನ್ನಾಗೇ ಇತ್ತು. ಆಮೇಲೆ ಬಾಯಿಬಿಟ್ರು, ಥೇಟ್ ನಿಮ್ಮ ಹಾಗೇ. ದೇವರು ಯೋಬನಿಗೂ ನಾಲ್ಕು ಅಧ್ಯಾಯ ಕ್ಲಾಸ್ ತಗೊಂಡ, ಇಲ್ಲ ಅನ್ನಲ್ಲ. ಆದ್ರೆ ದಂಡ ಬಿದ್ದದ್ದು ಸ್ನೇಹಿತರಿಗೆ. ಏಳು ಹೋರಿ, ಏಳು ಟಗರು! ಬನ್ನೂರು ಟಗರಿನ ಇವತ್ತಿನ ರೇಟು ಗೊತ್ತಾ ನಿಮಗೆ?"

ಸಿಸ್ಟರಿಗೆ ನಂಬಿಕೆ ಕಮ್ಮಿ ಎಂಬ ಗುಸುಗುಸು ಕಾಫಿಯ ಹೊತ್ತಿಗೆ ಏಳುತ್ತದೆ. ಅವರ ವಾದವೇ ಬೇರೆ: "ಡಾಕ್ಟರ ಮುಂದೆ ಕೂತು 'ನನಗೇನಾಗಿದೆ, ಚೆನ್ನಾಗಿದ್ದೀನಿ' ಅನ್ನೋ ಪೇಷಂಟು ಡಾಕ್ಟರನ್ನ ನಂಬಿದಾನೆ ಅಂತೀರಾ?" ಭಾನುವಾರ ಗಂಟೆ ಹೊಡೆಯುವ ಮೊದಲೇ ಚರ್ಚಿನಲ್ಲಿರುವವರು ಇವರೇ. ಆಟೋ ಹುಡುಗನ ಹೆಂಡತಿಯ ವಿಧವಾ ವೇತನದ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತಿದವರೂ ಇವರೇ, ಅದೂ ಸವೆದ ಮಂಡಿಯಲ್ಲಿ. ಆ ಮನೆಯಲ್ಲಿ ಮಾತ್ರ ದೇವರ ಚಿತ್ತದ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಪಾತ್ರೆ ತೊಳೆದಿಟ್ಟು ಬಂದರು.

ಮೊನ್ನೆ ಹಿರಿಯರ ಹೆಂಡತಿಯ ಬಯಾಪ್ಸಿ ರಿಪೋರ್ಟು ಬಂತು. ಸಂಜೆ ಹಿರಿಯರು ಸಿಸ್ಟರ ಗೇಟಿನ ಬಳಿ ನಿಂತಿದ್ದರು.

"ನಮ್ಮ ಪರವಾಗಿ ಸ್ವಲ್ಪ ಕೇಳಿ ಸಿಸ್ಟರ್... ನೀವು ಕೇಳೋ ಥರ."

"ನೀವೇ ಕೇಳಿ ಬ್ರದರ್. ನಾನು ಪಕ್ಕದಲ್ಲಿ ಕೂತಿರ್ತೀನಿ."

ಹಿರಿಯರು ಕಣ್ಣು ಮುಚ್ಚಿ, ಹಳೇ ಅಭ್ಯಾಸದಂತೆ ಸ್ತೋತ್ರದಿಂದ ಶುರುಮಾಡಿದರು. ಮೂರನೆಯ ಸ್ತೋತ್ರಕ್ಕೆ ಸಿಸ್ಟರ್ ಮೊಣಕೈಯಿಂದ ತಿವಿದರು: "ವಿಷಯಕ್ಕೆ ಬನ್ನಿ."