ಕಾಳಿಯ ಪೀಠದಡಿ ಅಶೋಕ

ಭಂಕೂರದ ಚಹಾ ಅಂಗಡಿಯಲ್ಲಿ ಕಲ್ಲು ಖಣಿಯ ಕಾಕಾ ವಿಡಿಯೊ ಕಾಲ್ ಹಚ್ಚಿ ಹೊಸ ಮನೆಯನ್ನು ಜ್ಯೋತಿಷಿಗೆ ತೋರಿಸುತ್ತಿದ್ದರು. ಬಾಗಿಲು ಒಡೆಸಲು ಅಪ್ಪಣೆಯಾಯಿತು. ದಕ್ಷಿಣೆ ಫೋನ್‌ಪೇಯಲ್ಲಿ ಹೋಯಿತು.

“ಕಾಕಾ, ಮೂಢನಂಬಿಕಿ ಕಾಯ್ದೆ ಬಂದದಲ್ಲ?” ಮಾಸ್ತರರು ಕೆಣಕಿದರು.

“2017ರದು ತಾನೆ? ವಾಸ್ತು, ಜ್ಯೋತಿಷ್ಯದ ಸಲಹಾ ಅದರಾಗ ಬರಂಗಿಲ್ರಿ. ಶಾಸಕರಿಗೂ ಮನಿ ಅವ!”

ಕಾಕಾರ ಕಾನೂನು ಜ್ಞಾನ ಎಷ್ಟೋ ವಕೀಲರಿಗಿಂತ ಮೇಲು. ಮಾಸ್ತರರು ದಾರಿ ಬದಲಿಸಿದರು.

“ಸನ್ನತಿಗೆ ಹೋಗೀರಿ?”

“ಚಂದ್ರಲಾಂಬಾ ನಮ್ಮ ಮನಿದೇವರು.”

“ಅಲ್ಲೇ, 1986ರಾಗ ಕಾಳಿ ಗುಡಿ ಮಾಳಿಗಿ ಬಿದ್ದು ಮೂರ್ತಿ ಒಡೀತು. ಪೀಠದ ಕಲ್ಲು ನೋಡಿದ್ರ ಅಶೋಕನ ಶಾಸನ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷಾ.”

“ಏನ್ ಬರಸ್ಯಾನ?”

“ಹನ್ನೆರಡನೇ ಶಾಸನ ಅದರಾಗ ಅದ. ತನ್ನ ಪಂಥ ಹೊಗಳಿ ಮಂದಿ ಪಂಥ ತೆಗಳಬ್ಯಾಡ್ರಿ, ಎಲ್ಲಾರ ಧರ್ಮದ ಮಾತೂ ಕೇಳ್ರಿ ಅಂತ.”

“ಇಷ್ಟು ಛಲೋ ಮಾತು ಯಾರೂ ಓದಲಿಲ್ಲೇನು?”

“ಮೂರ್ತಿ ನಿಲ್ಲಸಾಕ ಅಕ್ಷರದ ನಡುವ ಚೌಕ ತೂತು ಕೊರದಾರ.”

ಕಾಕಾ ಲೊಚಗುಟ್ಟಿದರು. ಆದರೆ ಅವರ ಕಸುಬು ಕಲ್ಲಿನದು. ಎರಡು ಸಾವಿರ ವರ್ಷ ಮೀರಿ ಬಾಳಿದ ಸರಕೆಂದರೆ ಭಕ್ತಿ ತಾನಾಗಿಯೇ ಉಕ್ಕುತ್ತದೆ. ತಕ್ಷಣ ಮತ್ತೆ ಕಾಲ್ ಹಚ್ಚಿದರು.

“ಗುರುಗಳೇ, ಸರ್ವಧರ್ಮದ ಶಾಸನ ಕೆತ್ತಿಸಿ ಹೊಸಲಿಗೆ ಹಾಕಿದ್ರ ನಡೀತದೇನ್ರಿ?”

“ನಡೀತದ. ಅಕ್ಷರ ಮಾತ್ರ ಕೆಳಮುಖ ಇರ್ಲಿ. ಆ ಪೂಜಾದ ದಕ್ಷಿಣೆ ಬ್ಯಾರೆ.”